ಜಾಲಿಹಳ್ಳದ ಕೋಲು

ಮೊನ್ನೆ ನಮ್ಮ ಮನೆಗೆ ಬಣ್ಣ ಬಳಿಯಲು ಬಂದ ಪೇಂಟರ್ ಬಾಗಿಲ ಹಿಂದೆ ನಿಲ್ಲಿಸಿದ್ದ ಒಂದು ಅರ್ಧ ಬಿದಿರುಕೋಲನ್ನು ಎತ್ತಿಕೊಂಡು ಬಕೆಟ್ಟಿನಲ್ಲಿ ಅದ್ದಲು ಹೊರಟ. ಬಣ್ಣ ಕಲಸಲು ಅವನಿಗೆ ಏನಾದರೊಂದು ಬೇಕಿತ್ತು, ಅಷ್ಟೇ. ನಾನು ಎಂಥಾ ಕೂಗು ಕೂಗಿದೆನೆಂದರೆ ಅಡುಗೆಮನೆಯಲ್ಲಿದ್ದ ನನ್ನ ಹೆಂಡತಿ ಹಾವು ಬಂತೆಂದು ತಿಳಿದು ಸೌಟು ಹಿಡಿದುಕೊಂಡೇ ಓಡಿಬಂದಳು. ಪೇಂಟರ್ ಪಾಪ, ಕೋಲನ್ನು ಎರಡೂ ಕೈಯಲ್ಲಿ ಹಿಡಿದು ನಿಂತುಬಿಟ್ಟ.

"ಬಂಗಾರದ್ದೇನ್ರಿ ಸಾಹೇಬ್ರ ಇದು?" ಎಂದ ಮೆಲ್ಲಗೆ.

ಬಂಗಾರದ್ದಲ್ಲ. ಮೂರು ಗೇಣು ಉದ್ದದ ಬಿದಿರು, ಒಂದು ಗೇಣು ಕೆಂಪು, ಒಂದು ಗೇಣು ಬಿಳಿ, ಮತ್ತೆ ಒಂದು ಗೇಣು ಕೆಂಪು. ಬಣ್ಣ ಅಲ್ಲಲ್ಲಿ ಚಕ್ಕೆ ಎದ್ದಿದೆ. ಒಂದು ತುದಿ ಕೈ ಆಡಿ ಆಡಿ ನುಣುಪಾಗಿದೆ, ಇನ್ನೊಂದು ತುದಿ ಮುರಿದು ಸಿಬಿರು ಎದ್ದಿದೆ. ಸಂತೆಯಲ್ಲಿಟ್ಟರೆ ಒಲೆಗೂ ಯಾರೂ ಒಯ್ಯುವುದಿಲ್ಲ. ಆದರೂ ಭೀಮರಾಯನಗುಡಿಯ ನೀರಾವರಿ ಕಚೇರಿಯಲ್ಲಿ ಇಡೀ ನೌಕರಿ ಗುಮಾಸ್ತನಾಗಿ ಕಳೆದು, ಒಂದು ದಿನವೂ ದನಿ ಎತ್ತದೆ, ಜವಾನನೂ ಲೆಕ್ಕಕ್ಕಿಡದ ಹಾಗೆ ಬದುಕಿ ನಿವೃತ್ತನಾದ ನನ್ನಂಥವನು ಒಬ್ಬ ಅಮಾಯಕ ಪೇಂಟರನ ಮೇಲೆ ಹಾಗೆ ಎಗರಿ ಬಿದ್ದನೆಂದರೆ ಅದಕ್ಕೆ ಕಾರಣ ಇರಲೇಬೇಕಲ್ಲ. ಅವನಿಗೆ ಚಹಾ ಕುಡಿಸಿ ಸಮಾಧಾನ ಮಾಡಿ ಇಡೀ ಕಥೆ ಹೇಳಿದೆ. ಆ ದಿನ ಒಂದು ಗೋಡೆಗೂ ಬಣ್ಣ ಬೀಳಲಿಲ್ಲ. ಈಗ ನಿಮಗೆ ಹೇಳುತ್ತಿದ್ದೇನೆ, ನಿಮ್ಮ ಗೋಡೆಗಳ ಜವಾಬ್ದಾರಿ ನಿಮ್ಮದು.

ಶಹಾಪುರದಿಂದ ಸುರಪುರದ ಕಡೆಗೆ ಬರುವ ದಾರಿಯಲ್ಲಿ ಒಂದು ಇಳಿಜಾರಿದೆ. ಇಳಿಜಾರಿನ ತಲೆಯ ಮೇಲೆ ಒಂದು ತಿರುವು, ತಿರುವಿನಲ್ಲಿ ಒಂದು ಮುದಿ ಜಾಲಿಮರ. ಇಳಿಜಾರಿನ ಬುಡದಲ್ಲಿ ಹಳ್ಳ. ಅದಕ್ಕೇ ಜಾಲಿಹಳ್ಳ. ಹಳ್ಳ ದಾಟಿ ಕೂಗಳತೆಯಲ್ಲಿ ನಮ್ಮ ಊರು. ಬೇಸಿಗೆಯಲ್ಲಿ ಈ ಹಳ್ಳ ನೋಡಿದರೆ ನಗು ಬರುತ್ತದೆ, ಒಂದು ಎಮ್ಮೆ ಮಲಗುವಷ್ಟೂ ನೀರಿರುವುದಿಲ್ಲ. ಆದರೆ ಮೇಲಿನ ಹೊಲಗಳಲ್ಲಿ ಒಂದು ಜೋರು ಮಳೆ ಬಿದ್ದರೆ ಸಾಕು, ನಮ್ಮ ಊರಿನ ಮೇಲೆ ಬಿಸಿಲಿರುವಾಗಲೇ ಕೆಂಪು ನೀರು ಸದ್ದಿಲ್ಲದೆ ಬಂದು ರಸ್ತೆಯ ಮೇಲೆ ಹರಿಯತೊಡಗುತ್ತದೆ. ಕಪ್ಪು ಎರೆಮಣ್ಣಿನ ಸೀಮೆಯಲ್ಲಿ ಆ ಕೆಂಪು ನೀರು ಎಲ್ಲಿಂದ ಬರುತ್ತದೋ ಎಂದು ಚಿಕ್ಕಂದಿನಲ್ಲಿ ನನಗೆ ಸೋಜಿಗ. ಮೇಲುಗಡೆಯ ಗುಡ್ಡದ ಮಣ್ಣು ಕೆಂಪು ಎಂದು ಗೊತ್ತಾಗುವ ಹೊತ್ತಿಗೆ ಸೋಜಿಗಪಡುವ ವಯಸ್ಸು ಮುಗಿದಿತ್ತು.

ನಮ್ಮಪ್ಪ ಆ ರಸ್ತೆಯ ಗ್ಯಾಂಗಿನಲ್ಲಿ ಆಳಾಗಿದ್ದ. ಕುಣಿ ಮುಚ್ಚುವುದು, ಮರಕ್ಕೆ ಸುಣ್ಣ ಹಚ್ಚುವುದು, ಹಳ್ಳ ಬಂದಾಗ ಕಾಯುವುದು. ನನಗೆ ಆರು ವರ್ಷವಾಗಿದ್ದಾಗ ಅವನು ಜ್ವರ ಬಂದು ತೀರಿಕೊಂಡ. ಅವನ ಜಾಗಕ್ಕೆ ನಮ್ಮವ್ವ ದ್ಯಾವಮ್ಮನನ್ನು ತೆಗೆದುಕೊಂಡರು. ಗ್ಯಾಂಗಿನಲ್ಲಿ ಹೆಂಗಸರು ಇರಲಿಲ್ಲ ಎಂದಲ್ಲ, ಬುಟ್ಟಿ ಹೊರುವವರು ಇದ್ದರು. ಆದರೆ ಹಳ್ಳದ ಕೋಲು ಹೆಂಗಸಿನ ಕೈಗೆ ಬಂದದ್ದು ಅದೇ ಮೊದಲು. ಮೇಸ್ತ್ರಿ ಕೊಡಲು ಹಿಂದೆಮುಂದೆ ನೋಡಿದನಂತೆ. ಅವ್ವ, ನನ್ನ ಗಂಡ ನಿಮಗಿಂತ ನನಗೇ ಹೆಚ್ಚು ಹೇಳಿಕೊಟ್ಟಿದ್ದಾನೆ ಎಂದು ಹೇಳಿ ಅವನ ಕೈಯಿಂದ ಕೋಲು ಇಸಗೊಂಡಳಂತೆ. ಇಸಗೊಂಡಳು ಎನ್ನುವುದು ಅವಳ ಮಾತು. ಕಸಗೊಂಡಳು ಎಂದು ಊರವರ ಮಾತು.

ಕೋಲಿನ ಲೆಕ್ಕ ಬಹಳ ಸರಳ. ಮೊದಲು ಅದು ಆರು ಗೇಣಿನ ಕೋಲು, ಕೆಳಗಿನಿಂದ ಬಿಳಿ, ಕೆಂಪು, ಬಿಳಿ ಎಂದು ಪಟ್ಟೆ. ಹಳ್ಳ ಬಂದಾಗ ಬಸ್ಸು ಆಚೆ ದಂಡೆಯಲ್ಲಿ ನಿಲ್ಲಬೇಕು. ಅವ್ವ ಸೀರೆ ಕಚ್ಚೆ ಹಾಕಿ ಬರಿಗಾಲಲ್ಲಿ ನೀರಿಗಿಳಿಯಬೇಕು. ಕೋಲನ್ನು ಮುಂದಕ್ಕೊಂದು ಕುಟ್ಟು, ಬಲಕ್ಕೊಂದು ಕುಟ್ಟು, ಎಡಕ್ಕೊಂದು ಕುಟ್ಟು, ಆಮೇಲೆ ಒಂದು ಹೆಜ್ಜೆ. ನೀರಿನ ಕೆಳಗೆ ರಸ್ತೆ ಇದೆಯೋ ಕೊಚ್ಚಿಹೋಗಿದೆಯೋ ಕೋಲು ಹೇಳುತ್ತದೆ, ಅಂಗಾಲು ಅದನ್ನು ಖಾತ್ರಿ ಮಾಡುತ್ತದೆ. ಎರಡು ಪಟ್ಟೆ ತೊಯ್ದರೆ ಬಸ್ಸು ಬರಬಹುದು. ಮೂರನೆಯ ಪಟ್ಟೆಗೆ ನೀರು ಮುಟ್ಟಿತೋ, ಅವ್ವ ಸೊಂಟದಲ್ಲಿದ್ದ ಕೆಂಪು ಬಟ್ಟೆ ತೆಗೆದು ಎತ್ತಿ ಹಿಡಿಯುವಳು. ಅಲ್ಲಿಗೆ ಬಸ್ಸು, ಲಾರಿ, ಸಾಹೇಬರ ಜೀಪು ಎಲ್ಲವೂ ಎಂಜಿನ್ ಬಂದ್ ಮಾಡಿ ಬೀಡಿ ಹಚ್ಚಬೇಕು.

ಬರಬಹುದು ಎಂದಾಗ ಆಗುವುದೇ ಚೆಂದ. ಅವ್ವ ಮುಂದೆ, ಬಸ್ಸು ಹಿಂದೆ. ಅವಳು ಎಷ್ಟು ನಡೆದಳೋ ಅಷ್ಟು ಬಸ್ಸು ಬರಬೇಕು. ಕೋಲು ಹಿಡಿದವರನ್ನು ದಾಟಿ ಹೋಗುವ ಪದ್ಧತಿ ಆ ಹಳ್ಳದಲ್ಲಿ ಇರಲಿಲ್ಲ. ಗುರುಮಠಕಲ್ ಕಡೆಯ ಒಬ್ಬ ಡ್ರೈವರ್, ಕನ್ನಡ ಅರ್ಧ ತೆಲುಗು ಅರ್ಧ ಮಾತಾಡುವವನು, ಕಿಟಕಿಯಿಂದ ತಲೆ ಹಾಕಿ "ಅಮ್ಮಾ, ಪೋದಾಮಾ", ಹೋಗೋಣವೇ, ಎಂದು ಕೇಳುತ್ತಿದ್ದ. ಅವಳು ತಿರುಗಿಯೂ ನೋಡದೆ ಕೋಲೆತ್ತಿ ಒಮ್ಮೆ ಆಡಿಸಿದರೆ ಅದು ಅಪ್ಪಣೆ. ಅಷ್ಟು ದೊಡ್ಡ ಬಸ್ಸು, ಒಳಗೆ ಅಷ್ಟು ಜನ, ಮೇಲೆ ಜೋಳದ ಚೀಲ, ಕೋಳಿ ಬುಟ್ಟಿ, ಎಲ್ಲವನ್ನೂ ನನ್ನವ್ವ ದನ ಹೊಡಕೊಂಡು ಬಂದ ಹಾಗೆ ಈಚೆ ದಂಡೆಗೆ ಕರಕೊಂಡು ಬರುತ್ತಿದ್ದಳು.

ನಾನು ದಂಡೆಯ ಮೇಲೆ ಕೂತು ನೋಡುತ್ತಿದ್ದೆ. ನನಗೆ ಎಷ್ಟು ಹೆಮ್ಮೆ ಇತ್ತೆಂದರೆ ಶಾಲೆಯಲ್ಲಿ ಯಾರೂ ನನ್ನ ಪಕ್ಕ ಕೂಡಲು ಒಪ್ಪುತ್ತಿರಲಿಲ್ಲ. ಬೇರೆ ಹುಡುಗರ ಅಪ್ಪಂದಿರ ಮಾತನ್ನು ಎತ್ತುಗಳು ಮಾತ್ರ ಕೇಳುತ್ತವೆ, ನಮ್ಮವ್ವನ ಮಾತನ್ನು ಬಸ್ಸು ಕೇಳುತ್ತದೆ ಎಂಬುದು ನನ್ನ ವಾದ. ಒಮ್ಮೆ ಯಾರೋ ಅಧಿಕಾರಿಯ ಜೀಪು ಬಂದು ಹಾರ್ನ್ ಹೊಡೆದೇ ಹೊಡೆಯಿತು. ಅವ್ವ ಹೆಜ್ಜೆ ಬದಲಿಸಲಿಲ್ಲ. ಮರುದಿನ ಶಾಲೆಯಲ್ಲಿ ಆ ಅಧಿಕಾರಿಯನ್ನು ನಾನು ತಹಶೀಲ್ದಾರ ಮಾಡಿದೆ. ಮಧ್ಯಾಹ್ನದ ಹೊತ್ತಿಗೆ ಕಲೆಕ್ಟರ್ ಆದ. ವಾರದೊಳಗೆ ಮಂತ್ರಿಯಾದ. ನಮ್ಮ ಮಾಸ್ತರರು, ಮುಂದಿನ ಹಳ್ಳಕ್ಕೆ ಪ್ರಧಾನಮಂತ್ರಿ ಬರುವುದಿದ್ದರೆ ಮೊದಲೇ ತಿಳಿಸು, ಶಾಲೆಗೆ ರಜೆ ಕೊಡುತ್ತೇನೆ ಎಂದರು. ಇಡೀ ತರಗತಿ ನಕ್ಕಿತು. ನಾನು ಅದನ್ನೂ ಹೊಗಳಿಕೆ ಎಂದೇ ತಿಳಿದೆ. ಅವ್ವನಿಗೆ ಹೇಳಿದಾಗ ಅವಳು ರೊಟ್ಟಿ ತಟ್ಟುವುದನ್ನು ನಿಲ್ಲಿಸದೆ ಅಂದದ್ದಿಷ್ಟೇ: "ಮಂತ್ರಿ ಆದ್ರೇನು, ನೀರಾಗ ಗಾಲಿ ಎಲ್ಲಾರ್ದೂ ಒಂದ."

ಇಷ್ಟೆಲ್ಲ ಹಳೆಯ ಮಾತು. ಅವ್ವ ನಿವೃತ್ತಳಾದಾಗ ಇಲಾಖೆಯವರು ಶಾಲು ಹೊದಿಸಿದರು, ಕೋಲು ಕೇಳಲಿಲ್ಲ. ಕೇಳಿದ್ದರೂ ಅವಳು ಕೊಡುತ್ತಿರಲಿಲ್ಲ. ಆಮೇಲೆ ರಸ್ತೆ ಅಗಲವಾಯಿತು, ಡಾಂಬರು ಕನ್ನಡಿಯ ಹಾಗಾಯಿತು, ಹಳ್ಳಕ್ಕೆ ಕೊಳವೆ ಹಾಕಿ ಸಣ್ಣ ಸೇತುವೆ ಕಟ್ಟಿದರು. ಇನ್ನು ಹಳ್ಳದ ಕಾಟ ತಪ್ಪಿತು ಎಂದು ಊರೆಲ್ಲ ಸಕ್ಕರೆ ಹಂಚಿತು. ಹಳ್ಳಕ್ಕೆ ಮಾತ್ರ ಯಾರೂ ತಿಳಿಸಿರಲಿಲ್ಲ. ಮೊದಲ ದೊಡ್ಡ ಮಳೆಗೆ ಕೊಳವೆಯಲ್ಲಿ ಹತ್ತಿಕಟ್ಟಿಗೆ, ತೊಗರಿಕಟ್ಟಿಗೆ ಸಿಕ್ಕಿಕೊಂಡು ನೀರು ಮತ್ತೆ ರಸ್ತೆಯ ಮೇಲೆ ಬಂತು. ಹಿಂದೆ ಕುಣಿ ಬಿದ್ದ ರಸ್ತೆಯಲ್ಲಿ ಗಾಡಿಗಳು ತಾವಾಗಿಯೇ ತೆವಳಿಕೊಂಡು ಬರುತ್ತಿದ್ದವು. ಈಗ ಕನ್ನಡಿಯಂಥ ರಸ್ತೆಯಲ್ಲಿ ತಿರುವು ದಾಟಿ ಬಾಣದ ಹಾಗೆ ಇಳಿದು ನೀರು ಕಂಡಮೇಲೆ ಬ್ರೇಕು ಹುಡುಕುತ್ತಿದ್ದವು.

ಆದ್ದರಿಂದ ಅವ್ವ ಮತ್ತೆ ಹೊರಟಳು. ಮೋಡ ಕವಿದರೆ ಸಾಕು, ಕೋಲು ಮತ್ತು ಕೆಂಪು ಬಟ್ಟೆ ಹಿಡಿದು ಇಳಿಜಾರಿನ ಬುಡದಲ್ಲಿ ರಸ್ತೆಯ ಮೇಲೆ ನಿಲ್ಲುವಳು. ಹಾಜರಿ ಇಲ್ಲ, ಹೇಳುವವರಿಲ್ಲ, ಕೇಳುವವರಿಲ್ಲ. ಎಪ್ಪತ್ತು ದಾಟಿತು, ಎಪ್ಪತ್ತೈದು ದಾಟಿತು, ನಿಲ್ಲುವುದು ನಿಲ್ಲಲಿಲ್ಲ. ನನ್ನ ಹೆಂಡತಿ ಕೋಲು ಬಚ್ಚಿಟ್ಟು ನೋಡಿದಳು. ಅವ್ವ ಮಗ್ಗಲುಮನೆಯ ಒನಕೆ ಹೊತ್ತುಕೊಂಡು ಹೋದಳು. ಒನಕೆ ಹಿಡಿದು ರಸ್ತೆಯಲ್ಲಿ ನಿಂತ ಮುದುಕಿಯನ್ನು ಕಂಡು ಗಾಡಿಗಳು ಇನ್ನೂ ಬೇಗ ನಿಂತವು, ಅದು ಬೇರೆ ಮಾತು. ಒನಕೆಯ ಒಡತಿ ಜಗಳಕ್ಕೆ ಬಂದಳೆಂದು ನಾವೇ ಕೋಲು ವಾಪಸು ಕೊಟ್ಟೆವು.

ಮೂರು ಮಳೆಗಾಲದ ಹಿಂದೆ ಭಯಪಟ್ಟದ್ದು ಆಗಿಯೇ ಹೋಯಿತು. ಯಾವುದೋ ಗಾಡಿ ನಿಲ್ಲದೆ ನೀರಿಗೆ ನುಗ್ಗಿತು. ಗಾಡಿ ಅವಳಿಗೆ ತಾಗಲಿಲ್ಲ, ಅದು ಎಬ್ಬಿಸಿದ ನೀರು ತಾಗಿತು. ಅವ್ವ ಬಿದ್ದು ಸೊಂಟಕ್ಕೆ ಪೆಟ್ಟಾಯಿತು. ಗಾಡಿ ಹಿಂದಕ್ಕೂ ನೋಡದೆ ಹೋಯಿತು. ಹಿಂದಿನಿಂದ ಬರುತ್ತಿದ್ದ ನಮ್ಮೂರ ಸಾಬಣ್ಣ, ಶಹಾಪುರ-ಸುರಪುರದ ನಡುವೆ ಜನ ತುಂಬಿಕೊಂಡು ಕ್ರೂಸರ್ ಜೀಪು ಓಡಿಸುವವನು, ಅವಳನ್ನು ಎತ್ತಿಕೊಂಡು ಪ್ರಯಾಣಿಕರನ್ನೆಲ್ಲ ಅಲ್ಲೇ ಇಳಿಸಿ ಆಸ್ಪತ್ರೆಗೆ ಒಯ್ದ. ಎರಡು ತಿಂಗಳು ಹಾಸಿಗೆ. ಮೂರನೆಯ ತಿಂಗಳು ಒಂದು ಮೋಡ ಕಂಡಿತು, ಅವ್ವ ಗೋಡೆ ಹಿಡಿದು ಎದ್ದು ಬಾಗಿಲ ಹಿಂದೆ ಕೈ ಹಾಕಿದಳು.

ಆ ದಿನ ನಾನು ಅತ್ತೇಬಿಟ್ಟೆ. ಅರವತ್ತಕ್ಕೆ ಬಂದ ಗಂಡಸು ತಾಯಿಯ ಕಾಲು ಹಿಡಿದು, ನಿನಗೇನಾದರೂ ಆದರೆ ನಾನು ಈ ರಸ್ತೆಯಲ್ಲಿ ಹ್ಯಾಗೆ ಓಡಾಡಲಿ ಎಂದು ಅತ್ತೆ. ಅವ್ವ ಕೂತು ಕೇಳಿದಳು. ಅವಳೂ ಸುಖಕ್ಕೆ ಹೋಗುವುದಲ್ಲವಂತೆ. ಮನೆಯಲ್ಲಿ ಕೂತರೆ ತಿರುವಿನಿಂದ ಗಾಡಿ ಇಳಿಯುವ ಸಪ್ಪಳ ಕೇಳುತ್ತದೆ, ಗೇರ್ ಇಳಿಸಿದರೋ ಇಲ್ಲವೋ ಗೊತ್ತಾಗುತ್ತದೆ, ಇಳಿಸದಿದ್ದರೆ ಎದೆ ಧಸಕ್ ಅನ್ನುತ್ತದೆ. ಆಮೇಲೆ ಕೆಂಪು ಬಟ್ಟೆಯನ್ನು ತೊಡೆಯ ಮೇಲೆ ಹರವಿಕೊಂಡು ಅಂದಳು:

"ಮಳಿ ಬಿದ್ದಾಗ ಎಲ್ಲಾ ಗಾಡಿ ಜಾಲಿಗಿಡದ ಹತ್ತರ ಗೇರ್ ಇಳಸ್ಲಿ. ಒಂದೂ ತಪ್ಪಬಾರದು. ಅವತ್ತ ಈ ಬಟ್ಟಿ ಮಡಚಿ ಇಡ್ತೀನಿ. ಅಲ್ಲೀತನ ನನ್ನ ಕೇಳಬ್ಯಾಡ."

ಇದೊಂದು ಷರತ್ತು ಎಂದು ನಾನು ಹಿಡಿದುಕೊಂಡೆ. ಗುಮಾಸ್ತನಿಗೆ ಗೊತ್ತಿರುವುದು ಒಂದೇ ಕೆಲಸ, ಅರ್ಜಿ ಬರೆಯುವುದು. ಆ ಒಂದು ಮೈಲಿಯಲ್ಲಿ ವೇಗದ ಮಿತಿಯನ್ನು ಅರವತ್ತರಿಂದ ಮೂವತ್ತಕ್ಕೆ ಇಳಿಸಬೇಕೆಂದು ಪಂಚಾಯಿತಿಗೆ, ರಸ್ತೆ ಇಲಾಖೆಗೆ, ಜಿಲ್ಲೆಗೆ, ಯಾದಗಿರಿಯಲ್ಲಿ ಎಷ್ಟು ಕಚೇರಿಗಳಿವೆಯೋ ಅಷ್ಟಕ್ಕೂ ಬರೆದೆ. ಬೇರೆಯವರ ಅರ್ಜಿಗಳನ್ನು ಕಡತದಲ್ಲಿ ಮಲಗಿಸುವುದು ಹ್ಯಾಗೆ ಎಂಬುದರಲ್ಲಿ ನಾನು ಪಳಗಿದವನಾದ್ದರಿಂದ ನನ್ನ ಅರ್ಜಿ ಎಲ್ಲೆಲ್ಲಿ ಮಲಗಿರಬಹುದೆಂದು ನನಗೆ ಗೊತ್ತಿತ್ತು. ಹೋಗಿ ಹೋಗಿ ಎಬ್ಬಿಸಿದೆ. ಕೊನೆಗೊಂದು ದಿನ ಇಲಾಖೆಯ ಯುವ ಎಂಜಿನಿಯರ್, ಒಬ್ಬ ಹೆಣ್ಣುಮಗಳು, ಊರಿನವರ ಅಭಿಪ್ರಾಯ ಕೇಳಲು ಬರುತ್ತಾರೆಂದು ಪಂಚಾಯಿತಿಯಿಂದ ಸುದ್ದಿ ಬಂತು.

ಅದು ತೊಗರಿ ಒಕ್ಕುವ ಕಾಲ. ಸಭೆ ರಸ್ತೆ ಪಕ್ಕದ ಶಾಲೆಯ ಅಂಗಳದಲ್ಲಿ. ನಾನು ಜನ ಬರುತ್ತಾರೋ ಇಲ್ಲವೋ ಎಂದುಕೊಂಡಿದ್ದರೆ ಇಡೀ ಊರು ಬಂದು ಕೂತಿತು, ಪ್ರತಿಯೊಬ್ಬನ ಬಾಯಲ್ಲೂ ಒಂದೊಂದು ನಂಬರು. ಹಳ್ಳದ ದಂಡೆಯಲ್ಲಿ ಮಿರ್ಚಿ ಭಜಿ ಕರಿಯುವವನು ಮಿತಿ ಹತ್ತಕ್ಕೆ ಇಳಿಯಬೇಕೆಂದ. ಗಾಡಿ ನಿಧಾನ ಬಂದರೆ ಭಜಿಯ ವಾಸನೆ ಒಳಗೆ ಹೋಗಲು ಹೊತ್ತು ಸಿಗುತ್ತದೆ ಎಂಬುದು ಅವನ ಒಳಲೆಕ್ಕ. ಹತ್ತಿ ಲಾರಿಯವರು ಐವತ್ತಕ್ಕಿಂತ ಕೆಳಗೆ ಬರುವುದಿಲ್ಲ ಎಂದರು. ಒಬ್ಬ ಹಿರಿಯ ರೈತ ಎದ್ದು ನಿಂತು ಬೇರೆಯೇ ತರ್ಕ ಹೂಡಿದ. ನಮ್ಮ ಕಡೆ ಒಣಗಿದ ತೊಗರಿ ಗಿಡವನ್ನು ರಸ್ತೆಯ ಮೇಲೆ ಹರವುವ ಪದ್ಧತಿ ನಿಮಗೆ ಗೊತ್ತಲ್ಲ, ಹೋಗಿಬರುವ ಗಾಡಿಗಳೇ ಪುಕ್ಕಟೆ ಒಕ್ಕಿಕೊಡುತ್ತವೆ. ಅರವತ್ತರಲ್ಲಿ ಬಂದ ಗಾಲಿ ಕಾಳನ್ನು ಪಕ್ಕದವನ ಹೊಲಕ್ಕೆ ಸಿಡಿಸುತ್ತದೆ, ಮೂವತ್ತರಲ್ಲಿ ಬಂದ ಗಾಲಿ ಚೆಂದಾಗಿ ಒಕ್ಕುತ್ತದೆ, ಆದ್ದರಿಂದ ತನ್ನ ಮತ ಮೂವತ್ತಕ್ಕೆ ಎಂದ. ಎಂಜಿನಿಯರಮ್ಮ ರಸ್ತೆಯ ಮೇಲೆ ಬೆಳೆ ಹರವುವುದು ಅಪರಾಧ ಎಂದು ಮೆಲ್ಲಗೆ ಹೇಳಿದರು. ಅವನು, ಹೌದ್ರಿ, ಅದಕ್ಕೇ ಜಲ್ದಿ ತೀರ್ಮಾನ ಮಾಡ್ರಿ ಎಂದು ಕೂತ.

ನಿಜವಾಗಿ ಎದುರು ನಿಂತವನು ಸಾಬಣ್ಣ. ಅದೇ ನನಗೆ ಕಷ್ಟವಾದದ್ದು, ಯಾಕೆಂದರೆ ಅವ್ವನನ್ನು ಉಳಿಸಿದವನೂ ಅವನೇ. ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ಒಂದು ಕಡೆ ಮಿತಿ ಇಳಿಸಿದರೆ ನಾಳೆ ಊರೂರಿಗೂ ಇಳಿಸುತ್ತಾರೆ, ದಿನಕ್ಕೆ ಹೋಗಿಬರುವ ಒಂದು ಖೇಪು ತಪ್ಪುತ್ತದೆ, ಒಂದು ಖೇಪು ಎಂದರೆ ಅವನ ಮನೆಯ ಸಂಜೆಯ ಒಲೆ. ತಪ್ಪು ಮಾಡುವವರು ಹೊರಗಿನವರು, ಶಿಕ್ಷೆ ತಮಗೆ ಯಾಕೆ ಎಂದ. ತಾನು ಈ ಇಳಿಜಾರಿನಲ್ಲಿ ಇವತ್ತಿನವರೆಗೆ ನಲವತ್ತು ದಾಟಿಲ್ಲ ಎಂದು ತಿಂಥಣಿ ಮೌನೇಶ್ವರನ ಆಣೆ ಮಾಡಿದ. ಆ ದೇವರ ಮೇಲೆ ನಮ್ಮ ಕಡೆ ಯಾರೂ ಸುಳ್ಳು ಆಣೆ ಮಾಡುವುದಿಲ್ಲ. ಸಭೆ ಮೆತ್ತಗಾಯಿತು. ನಲವತ್ತರಲ್ಲಿ ಬರುವವನನ್ನು ಮೂವತ್ತಕ್ಕೆ ಇಳಿಸಿ ಆಗಬೇಕಾದ್ದೇನು ಎಂದು ಜನ ಗುಸುಗುಸು ಶುರು ಮಾಡಿದರು. ನಾನು ನನ್ನ ಕಡತದೊಳಗೆ ಮುಖ ಹುದುಗಿಸಿ ಕೂತೆ.

ಮೂವತ್ತಕ್ಕೂ ನಲವತ್ತಕ್ಕೂ ಎಷ್ಟು ಫರಕು ಎಂದು ತೋರಿಸಿಯೇ ಬಿಡೋಣ ಎಂದು ಎಂಜಿನಿಯರಮ್ಮ ಸಾಬಣ್ಣನ ಕ್ರೂಸರ್ ಹತ್ತಲು ಹೋದರು. ಹತ್ತಿ ಕೂತವರು ಅಲ್ಲೇ ಸ್ವಲ್ಪ ಹೊತ್ತು ಮುಂದೆ ನೋಡುತ್ತ ಉಳಿದರು. ಆಮೇಲೆ ಸಾಬಣ್ಣನನ್ನು ಕರೆದರು. ಗಾಡಿ ನಿಂತಿತ್ತು, ಎಂಜಿನ್ ಬಂದಾಗಿತ್ತು, ಚಾವಿ ಸಾಬಣ್ಣನ ಕಿಸೆಯಲ್ಲಿತ್ತು. ಆದರೂ ವೇಗ ತೋರಿಸುವ ಮುಳ್ಳು ನಲವತ್ತರಲ್ಲೇ ನಿಂತಿತ್ತು.

ಎಷ್ಟು ವರ್ಷದಿಂದ ಹೀಗಿದೆ ಎಂದು ಕೇಳಿದರು. ಸಾಬಣ್ಣನಿಗೆ ಮೊದಲು ಪ್ರಶ್ನೆಯೇ ತಿಳಿಯಲಿಲ್ಲ. ಗಾಡಿ ಕೊಂಡಾಗಿನಿಂದ ಹಾಗೇ ಇದೆ, ಸೆಕೆಂಡ್ ಹ್ಯಾಂಡ್ ಗಾಡಿ, ಮುಳ್ಳು ಯಾವಾಗಲೂ ನಲವತ್ತರ ಹತ್ತಿರವೇ ಇರುತ್ತದೆ ಎಂದ. ಹೇಳುತ್ತ ಹೇಳುತ್ತ ಅವನಿಗೇ ಅರ್ಥವಾಗಿ ಬಾಯಿ ಹಾಗೇ ತೆರೆದುಕೊಂಡಿತು. ಇಷ್ಟು ವರ್ಷ ಅವನು ಖರೇ ಮನಸ್ಸಿನಿಂದ, ಕಣ್ಣಾರೆ ನೋಡಿಕೊಂಡೇ, ನಲವತ್ತು ದಾಟದೆ ಗಾಡಿ ಓಡಿಸಿದ್ದ. ಊರು ಹೊಟ್ಟೆ ಹಿಡಿದುಕೊಂಡು ನಕ್ಕಿತು. ಭಜಿಯವನು, ಹಾಗಾದರೆ ನಮ್ಮೂರಲ್ಲಿ ಇವನ ಗಾಡಿ ಮನೆ ಮುಂದೆ ನಿಂತಾಗಲೂ ನಲವತ್ತರಲ್ಲಿ ಹೋಗುತ್ತದೆ ಎಂದ. ನಾನೂ ನಕ್ಕೆ. ಆಮೇಲೆ ನೆನಪಾಗಿ ನಾಚಿಕೆಯಾಯಿತು, ನನ್ನ ಸ್ಕೂಟರಿನ ಮುಳ್ಳು ಉದುರಿ ಬಿದ್ದೇ ಯಾವ ಕಾಲವಾಗಿತ್ತೋ.

ಈ ನಗುವಿನ ನಡುವೆ ಅವ್ವ ಎದ್ದು ನಿಂತಳು. ಸೊಂಟದ ಪೆಟ್ಟಿನ ನಂತರ ಅವಳು ಎರಡು ಹಂತದಲ್ಲಿ ಏಳುತ್ತಾಳೆ, ಮೊದಲು ಮೊಣಕಾಲಿಗೆ, ಆಮೇಲೆ ಪೂರ್ತಿ. ಕೋಲು ಹಿಡಿದು ನೇರ ರಸ್ತೆಗೆ ನಡೆದಳು. ತಾನೇ ನಡುರಸ್ತೆಯಲ್ಲಿ ನಿಲ್ಲಲು ಹೊರಟಿದ್ದಾಳೆಂದು ತಿಳಿದು ನಾನು ಓಡಿಹೋಗಿ ಕೈ ಹಿಡಿದೆ. ಅವಳು ನನ್ನ ಕೈ ಬಿಡಿಸಿಕೊಂಡು ಭಜಿಯವನ ಖಾಲಿ ಎಣ್ಣೆ ಡಬ್ಬಿ ತರಿಸಿದಳು, ಅದಕ್ಕೆ ಮರಳು ತುಂಬಿಸಿದಳು, ಇಳಿಜಾರಿನ ಬುಡದಲ್ಲಿ ತಾನು ಮಳೆಯಲ್ಲಿ ನಿಲ್ಲುವ ಜಾಗದಲ್ಲೇ ಅದನ್ನಿಟ್ಟು ಕೋಲನ್ನು ನೆಟ್ಟಳು. ಕೋಲಿನ ತುದಿಗೆ ಕೆಂಪು ಬಟ್ಟೆ ಕಟ್ಟಿದಳು.

"ನಂಬರು ನಿಮಗ ಬಿಟ್ಟಿದ್ದವ್ವಾ," ಎಂದಳು ಎಂಜಿನಿಯರಮ್ಮನಿಗೆ. "ನಾ ನಿಂದ್ರೋ ಜಾಗಾ ನನಗ ಗೊತ್ತದ. ಸಾಬಣ್ಣಾ, ನೀ ದಿನಾ ಹ್ಯಾಂಗ ಬರ್ತಿ, ಹಂಗ ಬಾ. ಬಟ್ಟಿ ಕಂಡ ಕೂಡ್ಲೇ ಬ್ರೇಕ್ ಹಾಕು. ನನ್ನ ಬದಲಿಗಿ ಅದು ನಿಂದ್ರತದ."

ಎರಡೂ ಕಡೆ ಗಾಡಿಗಳನ್ನು ನಿಲ್ಲಿಸಿದೆವು. ಜನರನ್ನು ಹೊಲಕ್ಕೆ ಇಳಿಸಿದೆವು. ತೊಗರಿಯವನು ತನ್ನ ತೊಗರಿ ಬಳಿದುಕೊಂಡ. ಸಾಬಣ್ಣ ಖಾಲಿ ಗಾಡಿಯೊಂದಿಗೆ ತಿರುವಿನಾಚೆ ಹೋದ. ಅವನಿಗೆ ಧೈರ್ಯ ಇತ್ತು, ಇಪ್ಪತ್ತು ವರ್ಷ ಸ್ಟೀರಿಂಗ್ ಹಿಡಿದ ಕೈ. ಕೋಲಿಗಿಂತ ನಾಲ್ಕು ಮಾರು ಮುಂಚೆಯೇ ನಿಲ್ಲಿಸಿ ತೋರಿಸುತ್ತೇನೆ ಎಂದು ಹೇಳಿಯೇ ಹೋಗಿದ್ದ.

ಜಾಲಿಮರದ ಹಿಂದಿನಿಂದ ಕ್ರೂಸರ್ ಬಂತು. ಬಟ್ಟೆ ಕಂಡಿತು, ಬ್ರೇಕು ಹಾಕಿದ್ದೂ ಎಲ್ಲರಿಗೂ ಕಂಡಿತು. ಗಾಲಿ ಕಿರುಚಿದವು. ಗಾಡಿ ಜಾರುತ್ತ ಜಾರುತ್ತ ಬಂತು. ಕೋಲು ಲಟಕ್ ಎಂದಿತು. ಎಣ್ಣೆ ಡಬ್ಬಿ ಉರುಳಿ ಹಳ್ಳಕ್ಕೆ ಬಿತ್ತು. ಕ್ರೂಸರ್ ಇನ್ನೂ ಒಂದು ಗಾಡಿಯಷ್ಟು ದೂರ ಹೋಗಿ ನಿಂತಿತು.

ಅಷ್ಟು ಹೊತ್ತು ನಗುತ್ತಿದ್ದ ಊರು ಕೆಂಪು ಬಟ್ಟೆ ಬಿದ್ದ ಜಾಗವನ್ನೇ ನೋಡುತ್ತಿತ್ತು. ಆ ಜಾಗದಲ್ಲಿ ಪ್ರತಿ ಮಳೆಯಲ್ಲೂ ಯಾರು ನಿಂತಿರುತ್ತಾರೆ ಎಂದು ಎಲ್ಲರಿಗೂ ಗೊತ್ತಿತ್ತು. ನಾನು ಅಲ್ಲೇ ಬದುವಿನ ಮೇಲೆ ಕೂತೆ. ಸಾಬಣ್ಣ ಇಳಿದು ಬಂದು ಗಾಡಿಯ ಕೆಳಗೆ ಬಗ್ಗಿ ಎರಡು ತುಂಡುಗಳನ್ನು ಎತ್ತಿಕೊಂಡ. ಅವ್ವನ ಮುಂದೆ ಬಂದು ನಿಂತ.

"ಆಯೀ, ನಾ ಬ್ರೇಕ್ ಹಾಕಿದ್ನಿ. ಖರೇನೇ ಹಾಕಿದ್ನಿ."

"ನೀ ಹಾಕಿದ್ದು ನಾ ನೋಡೀನಪ್ಪಾ," ಎಂದಳು ಅವ್ವ. "ಗಾಡಿ ನಿಂದ್ರಲಿಲ್ಲ. ಈಗರ ರೋಡ್ ಒಣಗ್ಯಾದ."

ಅಷ್ಟೇ. ನಾನು ಹದಿನಾಲ್ಕು ಪುಟ ಬರೆದಿದ್ದೆ, ಯಾರಿಗೂ ಓದಿ ಹೇಳುವ ಅಗತ್ಯ ಬೀಳಲಿಲ್ಲ. ಮೂವತ್ತಕ್ಕೆ ಕೈ ಎತ್ತಿರಿ ಎಂದಾಗ ಮೊದಲು ಎದ್ದದ್ದು ಸಾಬಣ್ಣನ ಕೈ, ಅದರಲ್ಲಿ ಅರ್ಧ ಕೋಲು ಇತ್ತು. ಹತ್ತಿ ಲಾರಿಯವರೂ ಎತ್ತಿದರು. ಭಜಿಯವನು ಹತ್ತಕ್ಕೆ ಇನ್ನೊಮ್ಮೆ ಆಸೆಪಟ್ಟು ನೋಡಿ ಕೊನೆಗೆ ಎತ್ತಿದ. ಎಂಜಿನಿಯರಮ್ಮ ಬರೆದುಕೊಂಡು ಹೋದರು. ಹೋಗುವ ಮುಂಚೆ ಕೋಲು ಬಿದ್ದ ಜಾಗದಿಂದ ತಿರುವಿನವರೆಗೆ ತಾವೇ ಹೆಜ್ಜೆ ಹಾಕಿ ಅಳೆದರು, ಅವ್ವನನ್ನೂ ಜೊತೆಗೆ ನಡೆಸಿಕೊಂಡು.

ಸಾಬಣ್ಣ ಕೋಲಿಗೆ ತಂತಿ ಸುತ್ತಿ ಕೂಡಿಸಿ ತರುತ್ತೇನೆ ಎಂದ. ಅವ್ವ ಬೇಡ ಎಂದಳು. ಮೇಲಿನ ಅರ್ಧ ನನಗೆ ಕೊಟ್ಟಳು, ಮೂರು ಪಟ್ಟೆಯ ಕೆಳಗಿನ ಅರ್ಧವನ್ನು ಅವನಿಗೇ ಕೊಟ್ಟು ಗಾಡಿಯಲ್ಲಿಟ್ಟುಕೋ ಎಂದಳು. ಅರ್ಧ ಕೋಲಿನಿಂದ ನೀರು ಅಳೆಯುವುದು ಹ್ಯಾಗೆ ಎಂದು ಅವನು ಪೆಚ್ಚಾಗಿ ಕೇಳಿದ. ಅವಳು ಮೂರನೆಯ ಪಟ್ಟೆಯ ಮೇಲೆ ಬೆರಳಿಟ್ಟಳು.

"ನೀರು ಇಲ್ಲಿಗಿ ಬಂದ್ರ ನೀ ಹೋಗಂಗೇ ಇಲ್ಲ. ಇದ್ರ ಮ್ಯಾಗಿಂದು ನಿನಗ ಯಾಕ ಬೇಕು?"

ಇದನ್ನು ಪೇಂಟರನಿಗೆ ಹೇಳುವಾಗ ನನ್ನ ಎದೆ ಎಷ್ಟು ಉಬ್ಬಿತ್ತೆಂದರೆ ಅವನು ಮಧ್ಯದಲ್ಲಿ ಮತ್ತೊಂದು ಚಹಾ ಕೇಳಿದ್ದೂ ನನಗೆ ಕೇಳಲಿಲ್ಲ. ನನಗೆ ಹೆಮ್ಮೆ ಇದೆ, ಮುಚ್ಚಿಟ್ಟು ಆಗಬೇಕಾದ್ದೇನು. ಮಗ್ಗಲಲ್ಲಿ ಯಾರೂ ಕೂಡಲು ಒಪ್ಪದಿದ್ದ ಆ ಹುಡುಗ ಇನ್ನೂ ನನ್ನೊಳಗೆ ಹಾಗೇ ಇದ್ದಾನೆ.

ಆದೇಶ ಬರಲು ತಿಂಗಳುಗಳು ಹಿಡಿದವು. ಮಳೆಗಾಲಕ್ಕೆ ಸ್ವಲ್ಪ ಮುಂಚೆ ಜಾಲಿಮರದ ಹತ್ತಿರ ಫಲಕ ನಿಂತಿತು, ಬಿಳಿ ದುಂಡು, ಕೆಂಪು ಅಂಚು, ನಡುವೆ ಮೂವತ್ತು. ಬಣ್ಣ ಕೋಲಿನದೇ ಎಂದು ಅವ್ವ ಮೆಚ್ಚಿಕೊಂಡಳು. ಫಲಕದ ಬುಡದಲ್ಲಿ ಸ್ಕೂಟರ್ ನಿಲ್ಲಿಸಿ ನಾನು ಮೂರು ಫೋಟೋ ತೆಗೆಸಿಕೊಂಡೆ. ಗೊತ್ತಿದ್ದವರಿಗೂ ಗೊತ್ತಿಲ್ಲದವರಿಗೂ ಕಳಿಸಿದೆ. ಅರ್ಜಿದಾರ ನಾನೇ ಎಂದು ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರಿಗೆ ಹೇಳಿದೆ. ಈ ಸಲ ಎಂಜಿನಿಯರಮ್ಮನನ್ನು ಮಂತ್ರಿ ಮಾಡಲಿಲ್ಲ, ವಯಸ್ಸಾಗಿದೆ ನೋಡಿ.

ಮೊದಲ ದೊಡ್ಡ ಮಳೆ ಬಂದ ದಿನ ನಾನು ಶಹಾಪುರದಲ್ಲಿದ್ದೆ, ಅವ್ವನ ಸೊಂಟದ ಎಣ್ಣೆ ತರಲು ಹೋಗಿದ್ದೆ. ಮೋಡ ಕಂಡದ್ದೇ ಜೀವ ತಡೆಯಲಿಲ್ಲ. ಅವಳು ಬಟ್ಟೆ ಹಿಡಿದು ರಸ್ತೆಗೆ ಬಂದುಬಿಟ್ಟರೆ ಎಂದು ಸ್ಕೂಟರ್ ತಿರುಗಿಸಿದೆ. ಭೀಮರಾಯನಗುಡಿ ಹಿಂದೆ ಬಿತ್ತು, ಮಳೆ ಮುಖಕ್ಕೆ ಹೊಡೆಯುತ್ತಿತ್ತು. ಜಾಲಿಮರ ಬಂತು. ಫಲಕ ಕಂಡಿತು. ಮಳೆಯಲ್ಲಿ ತೊಳೆದು ಥಳಥಳ ಹೊಳೆಯುತ್ತಿತ್ತು. ಆಹಾ, ನನ್ನ ಫಲಕ ಎಂದು ಕತ್ತು ತಿರುಗಿಸಿ ನೋಡುತ್ತಲೇ ಇಳಿಜಾರು ಇಳಿದೆ. ಬುಡದಲ್ಲಿ ನೀರು ತೆಳ್ಳಗೆ ಹರಿಯತೊಡಗಿತ್ತು. ಗಾಲಿ ಒಮ್ಮೆ ಓಲಾಡಿತು, ಹೇಗೋ ದಾಟಿದೆ. ರಸ್ತೆಯಲ್ಲಿ ಅವ್ವ ಇರಲಿಲ್ಲ. ನಿಟ್ಟುಸಿರು ಬಿಟ್ಟು ಅಂಗಳಕ್ಕೆ ಬಂದೆ.

ಅವ್ವ ಕಟ್ಟೆಯ ಮೇಲೆ ತಗಡಿನ ಕೆಳಗೆ ಕೂತಿದ್ದಳು. ತೊಡೆಯ ಮೇಲೆ ಕೆಂಪು ಬಟ್ಟೆ. ಕಿವಿ ರಸ್ತೆಯ ಕಡೆಗಿತ್ತು.

"ಬಸ್ಸು ಗೇರ್ ಇಳಸ್ತು," ಎಂದಳು. "ಹತ್ತಿ ಲಾರಿ ಇಳಸ್ತು. ಎರಡು ಟಂಟಂ, ಒಂದು ಟ್ರ್ಯಾಕ್ಟರ್, ಎಲ್ಲಾ ಇಳಸಿದ್ವು. ಒಂದು ಸ್ಕೂಟರ್ ಇಳಸಲಿಲ್ಲ."

ಯಾರದೋ ಹೊರಗಿನವರದಿರಬೇಕು ಎಂದೆ.

"ಸೈಲೆನ್ಸರ್ ಒಡದದ ಅದ್ರದು. ನಮ್ಮ ಅಂಗಳಕ್ಕೇ ಬಂತು."

ಒಳಗಿನಿಂದ ನನ್ನ ಹೆಂಡತಿ ನಕ್ಕದ್ದು ಕೇಳಿಸಿತು. ಅವ್ವ ನಗಲಿಲ್ಲ. ಬಟ್ಟೆ ಹಿಡಿದು ಒಂದು ಮೊಣಕಾಲಿಗೆ ಎದ್ದಳು. ಇನ್ನೊಂದು ಹಂತ ಏಳುವುದರೊಳಗೆ ನಾನು ಅವಳ ಭುಜ ಹಿಡಿದು ಕೂಡಿಸಿದೆ. ಕೂಡು ಅವ್ವಾ, ಐದೇ ನಿಮಿಷ ಕೂಡು, ಎಂದು ಸ್ಕೂಟರ್ ಒದ್ದು ಮತ್ತೆ ಮಳೆಗೆ ಹೊರಟೆ. ಈ ಸಲ ಹುಷಾರಾಗಿ ಹಳ್ಳ ದಾಟಿ ಇಳಿಜಾರು ಏರಿ ಜಾಲಿಮರದಾಚೆ ಹೋಗಿ ತಿರುಗಿಸಿಕೊಂಡೆ. ಫಲಕದ ಹತ್ತಿರ ಬಂದು ಗೇರ್ ಇಳಿಸಿದೆ. ಸಾಲದೆಂದು ಇನ್ನೊಂದು ಇಳಿಸಿದೆ. ಇಡೀ ಊರಿಗೆ ಕೇಳುವ ಹಾಗೆ ಸ್ಕೂಟರ್ ಗರಗರ ಎಂದಿತು.

ಬುಡಕ್ಕೆ ಬರುವಷ್ಟರಲ್ಲಿ ನೀರು ಏರಿತ್ತು. ನಾನು ತಿರುಗಿಸಿಕೊಳ್ಳುವಾಗ ನನ್ನನ್ನು ದಾಟಿ ಬಂದಿದ್ದ ಸಾಬಣ್ಣನ ಕ್ರೂಸರ್ ಮುಂದೆ ನಿಂತಿತ್ತು, ಅದರ ಹಿಂದೆ ಸುರಪುರದ ಬಸ್ಸು. ಸಾಬಣ್ಣ ಸ್ಟೀರಿಂಗನ್ನು ಇನ್ನೊಬ್ಬನಿಗೆ ಕೊಟ್ಟು ಪ್ಯಾಂಟು ಮಡಚಿ ನೀರಿಗಿಳಿದಿದ್ದ. ಕೈಯಲ್ಲಿ ಅರ್ಧ ಕೋಲು. ಗಿಡ್ಡ ಕೋಲಾದ್ದರಿಂದ ಬಾಗಿ ನಡೆಯಬೇಕಾಗಿತ್ತು. ಮುಂದಕ್ಕೊಂದು ಕುಟ್ಟಿದ, ಬಲಕ್ಕೊಂದು ಕುಟ್ಟಿದ, ಎಡಕ್ಕೊಂದು ಕುಟ್ಟಿದ, ಒಂದು ಹೆಜ್ಜೆ ಇಟ್ಟ. ಒಂದೇ ಪಟ್ಟೆ ತೊಯ್ದಿತ್ತು. ಅವನು ತಿರುಗಿ ನೋಡದೆ ಕೋಲೆತ್ತಿ ಒಮ್ಮೆ ಆಡಿಸಿದ. ಕ್ರೂಸರ್ ಹೊರಟಿತು, ಬಸ್ಸು ಹೊರಟಿತು, ಎಲ್ಲರ ಹಿಂದೆ ನಾನು. ಅದು ನನ್ನವ್ವನ ನಡಿಗೆ. ಮಳೆಯ ನೀರು ಯಾವುದು ಕಣ್ಣಿನದು ಯಾವುದು ಎಂದು ನೋಡುವವರು ಯಾರೂ ಇರಲಿಲ್ಲವಾದ್ದರಿಂದ ನಾನು ಸುಮ್ಮನೆ ಅತ್ತುಕೊಂಡೇ ದಾಟಿದೆ.

ಅಂಗಳಕ್ಕೆ ಬಂದಾಗ ಕಟ್ಟೆ ಖಾಲಿ ಇತ್ತು. ಸ್ಕೂಟರನ್ನು ಅಂಗಳದಲ್ಲೇ ಬಿಟ್ಟೆ. ಒಳಗೆ ಹೋಗಿ ನೋಡಿದರೆ ಅವ್ವ ತನ್ನ ತಗಡಿನ ಟ್ರಂಕಿನ ಮುಂದೆ ಕೂತಿದ್ದಳು.

"ಈಗ ಕೇಳಸ್ತು," ಎಂದಳು. ಕೆಂಪು ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಒಳಗಿಟ್ಟು ಟ್ರಂಕು ಮುಚ್ಚಿದಳು.